ಬರ್ತೀನಿ ಎಂದು ಹೋದವರು

ಆ ದಿನ ಬೆಳಿಗ್ಗೆ ಮಾಡಿದ ಕೆಲಸಗಳು: ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದೆ. ರಾತ್ರಿ ದೋಸೆಗೆ ನೆನೆಸಿದ್ದನ್ನು ರುಬ್ಬಿಟ್ಟೆ. ಅತ್ತೆಯ ತುಳಸಿ ಕುಂಡಕ್ಕೆ ನೀರು ಹಾಕಿದೆ. ಇವರ ನೀಲಿ ಅಂಗಿಗೆ ಗುಂಡಿ ಹೊಲಿದೆ. ಮಳೆ ಬರುವ ಹಾಗೆ ಕಂಡಿತೆಂದು ಬಟ್ಟೆ ಒಳಗೆ ತಂದೆ. ಬರಲಿಲ್ಲ, ಮತ್ತೆ ಹೊರಗೆ ಹರವಿದೆ. ಹುಳು ಬಿದ್ದಿದ್ದ ಕಡಲೆಬೇಳೆ ಡಬ್ಬಿ ತೊಳೆದು ಬಿಸಿಲಿಗಿಟ್ಟೆ. ಇಂಥದ್ದನ್ನೆಲ್ಲ ಅಡುಗೆಮನೆಯ ಕ್ಯಾಲೆಂಡರಿನ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಆ ದಿನದ ಚೌಕದಲ್ಲಿ ಕಡಲೆಬೇಳೆ ಡಬ್ಬಿಯ ನಂತರ ಏನೂ ಇಲ್ಲ. ಹನ್ನೊಂದೂಕಾಲಿಗೆ ಒಸಾಕಾದಿಂದ ಮಗಳ ಫೋನ್ ಬಂತು.

ನಾವಿರುವುದು ಮಲೇಷ್ಯಾದ ನಿಲಾಯ್‌ನಲ್ಲಿ. ಇವರು ಇಲ್ಲಿ ಪಾಠ ಮಾಡುತ್ತಾರೆ. ಆ ದಿನ ಪರೀಕ್ಷಕರಾಗಿ ಮೆಲಾಕಾಗೆ ಹೋಗಿದ್ದರು, ಸಂಜೆಯವರೆಗೆ ಫೋನ್ ಆಫ್. ಮಗಳಿಗೆ ಕಾಲೇಜು ರಜೆ. ಎರಡು ವರ್ಷದಿಂದ ಕೂಡಿಟ್ಟ ಪಟ್ಟಿಯೊಂದನ್ನು ಹಿಡಿದುಕೊಂಡು ಜಪಾನಿಗೆ ಹೋಗುತ್ತೇನೆ ಎಂದಾಗ, ಅಜ್ಜಿಯನ್ನೂ ಕರೆದುಕೊಂಡು ಹೋಗು ಎಂದವಳು ನಾನೇ. ಈ ಸಲ ಮೈಸೂರಿನಿಂದ ಬಂದು ಆರು ತಿಂಗಳಾದರೂ ಅತ್ತೆ ಕಂಡದ್ದು ನಮ್ಮ ಮನೆಯ ಮುಂದಿನ ರಸ್ತೆ, ತಿಂಗಳಿಗೊಮ್ಮೆ ಇಲ್ಲಿನ ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸ್‌ನ ಹೂವಿನ ಅಂಗಡಿ, ಅಷ್ಟೇ. "ಎಪ್ಪತ್ನಾಲ್ಕು ವರ್ಷ, ಸಕ್ಕರೆ ಕಾಯಿಲೆ ಬೇರೆ. ಇಬ್ಬರನ್ನೇ ಕಳಿಸೋದು ಬೇಡ," ಎಂದು ಇವರು ಮೂರು ಸಲ ಹೇಳಿದರು. ಮೂರು ಸಲವೂ ನಾನು ಗೆದ್ದೆ.

ಮಗಳ ಪಟ್ಟಿಯಲ್ಲಿ ಎಲ್ಲರೂ ನೋಡುವ ಜಾಗ ಒಂದೂ ಇರಲಿಲ್ಲ. ಒಸಾಕಾದ ಕೋಟೆಯನ್ನು ಅಜ್ಜಿಗೆ ಟ್ಯಾಕ್ಸಿಯ ಕಿಟಕಿಯಿಂದ ತೋರಿಸಿ ಮುಗಿಸಿದಳಂತೆ. ಅದರ ಬದಲು ಬಂದರಿನ ಹತ್ತಿರ, ಮೂರಾಳೆತ್ತರವೂ ಇಲ್ಲದ ಒಂದು ಬೆಟ್ಟ ಹತ್ತಿಸಿದಳು. "ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೋಳನ್ನ ಕರ್ಕೊಂಡು ಬಂದು ಇದನ್ನ ಬೆಟ್ಟ ಅಂತಾಳಲ್ಲೇ," ಎಂದು ಅತ್ತೆ ಆ ಬೆಟ್ಟದ ತುದಿಯಿಂದಲೇ ನನಗೆ ವಿಡಿಯೊ ಕಾಲ್ ಮಾಡಿಸಿ ನಕ್ಕಿದ್ದರು. ಇನ್ನೊಂದು ದಿನ ನದಿ ದಾಟಿಸುವ ಪುಟ್ಟ ದೋಣಿ. ಅದಕ್ಕೆ ಟಿಕೆಟ್ಟೇ ಇಲ್ಲ. ಸೈಕಲ್ ಹಿಡಿದ ಕೆಲಸದವರು, ತರಕಾರಿ ಚೀಲದ ಹೆಂಗಸರು ಹತ್ತುತ್ತಾರೆ, ಒಂದೆರಡು ನಿಮಿಷಕ್ಕೆ ಆಚೆ ದಡ. ಅತ್ತೆ ಅದರಲ್ಲಿ ಹೋಗಿ, ಬಂದು, ಮತ್ತೆ ಹೋದರಂತೆ. ಇಳಿಯುವಾಗ ದೋಣಿಯವನಿಗೆ 'ತೆರಿಮಾ ಕಾಸಿ' ಎಂದು ಮಲಯದಲ್ಲಿ ಉಪಕಾರ ಹೇಳಿದರಂತೆ. ಅವರ ಪಾಲಿಗೆ ಮನೆಯೊಳಗಿನ ಭಾಷೆ ಕನ್ನಡ, ಹೊರಗಿನದು ಮಲಯ. ಆ ಹೊರಗು ಎಲ್ಲಿದ್ದರೂ ಒಂದೇ.

"ಅಮ್ಮಾ, ಡೋಂಟ್ ಪ್ಯಾನಿಕ್ ಲಾ," ಎಂದಳು ಮಗಳು ಫೋನಿನಲ್ಲಿ, ಇಲ್ಲಿನವರಂತೆ ಕೊನೆಗೊಂದು 'ಲಾ' ಸೇರಿಸಿ.

ಆ ಮಾತು ಕೇಳಿದ ಮೇಲೆ ಯಾರು ಸುಮ್ಮನಿರುತ್ತಾರೆ? ಒದ್ದೆ ಕೈಯಲ್ಲೇ ಕುರ್ಚಿ ಎಳೆದುಕೊಂಡು ಕೂತೆ.

"ಏನಾಯ್ತೇ?"

"ಅಜ್ಜಿ ಇನ್ನೂ ಬಂದಿಲ್ಲ."

"ಎಲ್ಲಿಗೆ ಬಂದಿಲ್ಲ? ಮಂಡಿನೋವು, ರೂಮಲ್ಲಿ ಮಲಗಿರ್ತಾರೆ ಅಂದಿದ್ಯಲ್ಲ?"

ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಮಾತನ್ನು ಇಲ್ಲಿ ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವಳು ಹೇಳಿದ್ದು ಇಷ್ಟು. ಬೆಳಿಗ್ಗೆ ಅಜ್ಜಿಯನ್ನು ರೂಮಿನಲ್ಲಿ ಬಿಟ್ಟು, ನಕಾಜಾಕಿಚೊ ಎಂಬ ಕಡೆಗೆ ಒಬ್ಬಳೇ ಹೋಗಿದ್ದಾಳೆ. ಯುದ್ಧದ ಬೆಂಕಿಗೆ ಸಿಗದೆ ಉಳಿದ ಹಳೇ ಮರದ ಮನೆಗಳ ಓಣಿಗಳಂತೆ. ಈಗ ಮನೆಗೊಂದು ಚಹಾದಂಗಡಿ. ಹತ್ತೂವರೆಗೆ ಅಜ್ಜಿ ರೂಮಿನ ವೈಫೈನಿಂದ ಫೋನ್ ಮಾಡಿದ್ದಾರೆ. ಇವಳು ಸಂಭ್ರಮದಲ್ಲಿ, "ಅಜ್ಜಿ, ಇಲ್ಲಿ ತುಂಬ ಚೆನ್ನಾಗಿದೆ, ನೀವೂ ಟ್ಯಾಕ್ಸಿ ಹತ್ತಿ ಬನ್ನಿ, ಮೇಜಿನ ಮೇಲೆ ಜಪಾನಿ ಭಾಷೆಯಲ್ಲಿ ಬರೆದಿಟ್ಟ ಚೀಟಿ ಇದೆ, ತೋರಿಸಿ," ಎಂದಿದ್ದಾಳೆ. ಅಜ್ಜಿ, "ಸರಿ ಕಂದ, ನೀನು ನೋಡ್ಕೊಂಡು ಬಾ, ನಾನು ಬರ್ತೀನಿ," ಎಂದು ಫೋನ್ ಇಟ್ಟಿದ್ದಾರೆ. ಈಗ ಅಲ್ಲಿ ಹನ್ನೆರಡೂಕಾಲು, ನಮಗಿಂತ ಒಂದು ಗಂಟೆ ಮುಂದೆ. ಒಂದೇ ಚಹಾದ ಮುಂದೆ ಇವಳು ಬಾಗಿಲು ನೋಡುತ್ತ ಕೂತಿದ್ದಾಳೆ. ರೂಮಿನ ಯಜಮಾನಿಯನ್ನು ಫೋನಿನಲ್ಲಿ ಕೇಳಿದರೆ, ಅಜ್ಜಿ ಆಗಲೇ ಚಪ್ಪಲಿ ಮೆಟ್ಟಿ ಹೋದರು ಎಂದಳಂತೆ. ರೂಮು ಬಿಟ್ಟರೆ ಅಜ್ಜಿಯ ಫೋನು ಬರೀ ಗಡಿಯಾರ.

ಅತ್ತೆ ಮಾತ್ರೆ ತೆಗೆದುಕೊಂಡ ಮೇಲೆ ಹನ್ನೆರಡಕ್ಕೆ ಊಟ ಮಾಡಲೇಬೇಕು. ತಡವಾದರೆ ಬೆವರು, ಕೈನಡುಕ, ಆಮೇಲೆ ಕೂತಲ್ಲೇ ಕಣ್ಣು ಕತ್ತಲೆ. ಭಾಷೆ ಗೊತ್ತಿಲ್ಲದ ಊರಿನ ಯಾವ ಬೀದಿಯಲ್ಲಿ?

"ಅಜ್ಜಿ ಏನಂದ್ರು, ಸರಿಯಾಗಿ ಹೇಳು. ಹೊರಟೆ ಅಂದ್ರಾ? ಅಲ್ಲಿಗೆ ಬರ್ತಿದ್ದೀನಿ ಅಂದ್ರಾ?"

"ಬರ್ತೀನಿ ಅಂದ್ರು. ಅಂದ್ರೆ ಕಮಿಂಗ್. ಅಷ್ಟು ಕನ್ನಡ ನಂಗೊತ್ತಮ್ಮಾ!"

"ಅದಕ್ಕೆ ಮುಂಚೆ?"

"ನೀನು ನೋಡ್ಕೊಂಡು ಬಾ ಅಂದ್ರು."

ಆಗ ನನಗೆ ಹೊಳೆಯಿತು.

"ಅಯ್ಯೋ ಪೆದ್ದಿ! ಅವರು ನಿನ್ನ ಹತ್ರ ಬರ್ತೀನಿ ಅನ್ಲಿಲ್ಲ ಕಣೇ. ಹೋಗ್ತೀನಿ ಅಂದ್ರು."

"ವಾಟ್? ಬರೋದು ಅಂದ್ರೆ ಬರೋದು ಅಲ್ವಾ?"

ಹೊಸಿಲು ದಾಟುವವರು ನಮ್ಮಲ್ಲಿ ಹೋಗ್ತೀನಿ ಎನ್ನುವುದಿಲ್ಲ. ತಿರುಗಿ ಬಾರದವರ ಮಾತು ಅದು. ಅಂಗಡಿಗೆ ಹೊರಟರೂ ಬರ್ತೀನಿ, ನೆಂಟರ ಮನೆಯಿಂದ ಎದ್ದರೂ ಬರ್ತೀನಿ. ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ, ಬಾಗಿಲಲ್ಲಿ ನಿಂತು ಕೇಳಿ ಕೇಳಿ ಬರುತ್ತದೆ. ನಮ್ಮ ಮನೆಯ ಬಾಗಿಲಲ್ಲಿ ಅವಳು ಕೇಳಿದ್ದು ಸ್ಕೂಲ್ ಬಸ್ಸಿನ ಕಾಲದಿಂದ ನನ್ನ 'ಬೈ', ಅವಳಪ್ಪನ 'ಬೈ'. ಅತ್ತೆಯಂತೂ ಇಲ್ಲಿ ಒಬ್ಬರೇ ಎಲ್ಲಿಗೂ ಹೊರಟವರಲ್ಲ. ಆ ಮಾತು ಹೇಳುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ.

ಇಷ್ಟನ್ನು ಅವಳಿಗೆ ವಿವರಿಸಲು ಆಗ ಪುರುಸೊತ್ತಿರಲಿಲ್ಲ. ಹೋದದ್ದು ಸರಿ, ಎಲ್ಲಿಗೆ? ಹಿಂದಿನ ಸಂಜೆ ಅತ್ತೆ ನನ್ನ ಹತ್ತಿರ ಅರ್ಧ ಗಂಟೆ ಒಂದೇ ವಿಷಯ ಮಾತಾಡಿದ್ದರು. ಅವರ ರೂಮಿನಿಂದ ಹತ್ತು ನಿಮಿಷ ನಡೆದರೆ, ನಂಬಾ ಎಂಬ ಪೇಟೆಯ ಝಗಮಗ ದೀಪಗಳ ಹಿಂದೆ, ಕಲ್ಲು ಹಾಸಿದ ಒಂದು ಇಕ್ಕಟ್ಟಾದ ಓಣಿ. ಅದರ ಕೊನೆಯಲ್ಲಿ ಒಂದು ದೇವರು. ಜನ ಉದ್ದ ಹಿಡಿಯ ಸೌಟಿನಲ್ಲಿ ನೀರು ಹಾಕಿ ಹಾಕಿ ಮೂರ್ತಿಯ ಮೈಯೆಲ್ಲ ಪಾಚಿ. ಮೂಗು ಕಣ್ಣು ಕಾಣದಷ್ಟು ಹಸಿರು. "ನಾನೂ ನೀರು ಹಾಕಿದೆ. ಮಂತ್ರ ಹೇಳೋಕೆ ಈ ಹುಡುಗಿ ಬಿಡ್ಲಿಲ್ಲ, ಹಿಂದೆ ಕ್ಯೂ ಇದೆ ಅಂದ್ಲು," ಎಂದಿದ್ದರು ಅತ್ತೆ. ಕೊನೆಗೆ, "ಅಷ್ಟು ಪಾಚಿ ಬಿಟ್ಟಿದಾರಲ್ಲೇ, ಉಜ್ಜೋಕೆ ಒಬ್ರೂ ಇಲ್ವಾ?" ಎಂದೂ ಕೇಳಿದ್ದರು.

ತಮ್ಮ ಹಿತ್ತಾಳೆ ಚೊಂಬು ಬೆಳಗಲು ಅತ್ತೆ ಊರಿನ ತೆಂಗಿನ ನಾರಿಲ್ಲದೆ ಎಲ್ಲಿಗೂ ಹೊರಡುವವರಲ್ಲ. ಆ ನಾರನ್ನು ಅವರ ಚೀಲದಲ್ಲಿ ಇಟ್ಟವಳು ನಾನೇ.

"ಆ ಪಾಚಿ ದೇವರ ಹತ್ರ ಹೋಗು. ಓಡು," ಎಂದೆ. "ಅಜ್ಜಿ ಕೈಯಲ್ಲಿ ನಾರಿದ್ರೆ ಮೊದ್ಲು ಕಿತ್ಕೋ."

"ಏನಿದ್ರೆ?"

"ಓಡೇ!"

ರೈಲು ಹಿಡಿದು ಅವಳು ಅಲ್ಲಿ ಮುಟ್ಟಲು ಅರ್ಧ ಗಂಟೆ ಬೇಕಿತ್ತು. ಅಷ್ಟರಲ್ಲಿ ನಾನು ಒರೆಸಿದ ಒಲೆಯನ್ನೇ ಮತ್ತೆ ಒರೆಸಿದೆ. ಬಟ್ಟೆ ಒಳಗೆ ತಂದೆ. ಇವರಿಗೆ ಫೋನ್ ಮಾಡಲು ಹೆಸರು ಒತ್ತಿ, ಏನು ಹೇಳಲಿ, ನಿಮ್ಮಮ್ಮನನ್ನು ಕಳೆದೆ ಎನ್ನಲೇ ಎಂದುಕೊಂಡು ಕತ್ತರಿಸಿದೆ. ಅವರ ಫೋನ್ ಆಫ್ ಇದ್ದದ್ದು ಆಮೇಲೆ ನೆನಪಾಯಿತು. ಮಗಳು ಮೂರು ವರ್ಷದವಳಿದ್ದಾಗ ಬ್ರಿಕ್‌ಫೀಲ್ಡ್ಸ್‌ನ ಹೂವಿನ ಸಾಲಿನಲ್ಲಿ ಒಮ್ಮೆ ನನ್ನ ಕೈ ತಪ್ಪಿದ್ದಳು. ಹತ್ತು ನಿಮಿಷ. ಮಲ್ಲಿಗೆ ಬುಟ್ಟಿಗಳ ನಡುವೆ ಸಿಕ್ಕಿದಾಗ, "ದಾರಿ ತಪ್ಪಿದ್ರೆ ಅಲೀಬಾರದು, ಇದ್ದಲ್ಲೇ ಕೂತ್ಕೋಬೇಕು," ಎಂದು ಬೈದು ಬೈದು ಹೇಳಿಕೊಟ್ಟಿದ್ದೆ. ಆ ವರ್ಷವೂ ನಮ್ಮಲ್ಲಿಗೆ ಬಂದಿದ್ದ ಅತ್ತೆ ಪಕ್ಕದಲ್ಲೇ ಹೂವಿನ ಪೊಟ್ಟಣ ಹಿಡಿದು ನಿಂತಿದ್ದರು.

ಇಲ್ಲಿ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮಗಳ ಫೋನಿನಿಂದ ವಿಡಿಯೊ ಕಾಲ್ ಬಂತು. ಪರದೆಯ ತುಂಬ ಅತ್ತೆಯ ಗದ್ದ. ಫೋನನ್ನು ಅವರು ಯಾವಾಗಲೂ ತಟ್ಟೆಯಂತೆ ಕೆಳಗೇ ಹಿಡಿಯುವುದು. ಆ ಗದ್ದವನ್ನು ಅಷ್ಟು ಪ್ರೀತಿಯಿಂದ ನಾನೆಂದೂ ನೋಡಿರಲಿಲ್ಲ.

"ಏನೇ ಇದು, ಹುಡುಗಿ ಓಡ್ಬಂದು ತಬ್ಕೊಂಡು ಅಳ್ತಾ ಇದಾಳೆ! ಏನಂದೆ ನೀನು ಅವಳಿಗೆ?"

"ನಾನೇನಂದೆ ಅತ್ತೆ! ನೀವೆಲ್ಲಿ ಹೋಗಿದ್ರಿ?"

"ಹೇಳೇ ಹೋದೆನಲ್ಲ, ಬರ್ತೀನಿ ಅಂತ."

ಹಿಂದಿನಿಂದ ಮೂಗೊರೆಸುತ್ತ ಮಗಳು: "ನೀವು ಕಮಿಂಗ್ ಅಂದ್ರಿ ಅಜ್ಜಿ!"

"ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಕಣೇ. ಅಷ್ಟೂ ಗೊತ್ತಾಗಲ್ವಾ?"

ಆದದ್ದಿಷ್ಟು. ಗಲಾಟೆಯಿಲ್ಲದ ಹೊತ್ತಿನಲ್ಲಿ ನಿಧಾನವಾಗಿ ಮಂತ್ರ ಹೇಳಿ ನೀರು ಹಾಕಬೇಕೆಂದು ಅತ್ತೆ ಹೊರಟಿದ್ದರು. ನೀರು ಹಾಕಿದರು. ವಾಪಸು ಬರುವಾಗ ಎಲ್ಲ ಓಣಿಯೂ ಒಂದೇ ತರಹ ಕಂಡು, ಎರಡು ಸಲ ತಿರುಗಿ ಅದೇ ದೇವರ ಮುಂದೆ ಬಂದು ನಿಂತರು. "ಆಮೇಲೆ ಅಲೀಲಿಲ್ಲಮ್ಮ. ನೀನೇ ಹೇಳ್ತಿದ್ಯಲ್ಲ ಮಗೂಗೆ, ಇದ್ದಲ್ಲೇ ಕೂತ್ಕೋ ಅಂತ. ಕೂತೆ." ಪಕ್ಕದ ಸಿಹಿಯಂಗಡಿಯ ಮುದುಕಿ ಬಹಳ ಹೊತ್ತು ನೋಡಿ, ಒಳಗೆ ಕರೆದು, ಕೆಂಪು ಕಾಳಿನ ಪಾಯಸದಂಥದ್ದು ಒಂದು ಬಟ್ಟಲು ಕೊಟ್ಟರಂತೆ.

"ಸಿಹಿ ತಿಂದ್ರಾ?"

"ದೇವರ ಎದುರಿಗೆ ಕೊಟ್ಟಿದ್ದು, ಬೇಡ ಅನ್ನೋಕಾಗುತ್ತಾ? ಅಲಸಂದೆ ಪಾಯಸದ ಹಂಗೇ ಇತ್ತು, ಏಲಕ್ಕಿ ಒಂದಿಲ್ಲ."

ಬೇರೆ ದಿನವಾಗಿದ್ದರೆ ನಾನು ಬೈಯುತ್ತಿದ್ದೆ. ಆ ದಿನ ಆ ಸಿಹಿಯೇ ಅವರನ್ನು ಕಾಪಾಡಿತ್ತು.

"ಮತ್ತೆ ನಾರು, ಅತ್ತೆ?"

"ಚೀಲದಲ್ಲೇ ಇತ್ತು. ತೆಗೆಯೋಣ ಅಂತ್ಲೇ ಹೋಗಿದ್ದೆ. ಕಾಲ ಹತ್ರ ಒಂಚೂರು ಮುಟ್ಟಿ ನೋಡ್ದೆ. ಮಗು ತಲೆ ಹಂಗೆ ಮೆತ್ತಗಿತ್ತು ಕಣೇ. ಉಜ್ಜೋಕೆ ಮನಸ್ಸಾಗ್ಲಿಲ್ಲ."

ಮಗಳು ಅಂಗಡಿಯ ಮುದುಕಿಗೆ ತನ್ನ ಅರೆಬರೆ ಜಪಾನಿ ಭಾಷೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳಂತೆ. ಮುದುಕಿ ನಕ್ಕು, ನಾವೂ ಮನೆ ಬಿಡುವಾಗ ಹಾಗೇ ಅನ್ನುವುದು ಎಂದರಂತೆ: 'ಇತ್ತೆ ಕಿಮಾಸು', ಹೋಗಿ ಬರುತ್ತೇನೆ ಎಂದು. "ಅದು ನಂಗೆ ಗೊತ್ತಿತ್ತು ಅಮ್ಮಾ, ಜಪಾನಿ ಕ್ಲಾಸಲ್ಲಿ ಮೊದಲನೇ ವಾರವೇ ಕಲಿಸಿದ್ರು," ಎಂದಳು ಮಗಳು ಪೆಚ್ಚಾಗಿ.

"ನೋಡು! ಜಪಾನಿನೋರ ಮಾತು ಗೊತ್ತು, ಅಜ್ಜಿ ಮಾತು ಗೊತ್ತಿಲ್ಲ," ಎಂದರು ಅತ್ತೆ. "ಹೋಗ್ಲಿ ಬಿಡು, ಇನ್ಮೇಲೆ ನಿನಗೆ ತಿಳಿಯೋ ಹಂಗೆ ಹೋಗ್ತೀನಿ ಅಂತ್ಲೇ ಹೇಳ್ತೀನಿ."

"ಬೇಡ ಅಜ್ಜಿ. ಹಂಗೆ ಹೇಳ್ಬೇಡಿ."

ಇದು ನಾನು ಕನ್ನಡ ಮಾಡಿದ್ದಲ್ಲ. ಅವಳೇ ಹಾಗೆ ಹೇಳಿದಳು.

ಸಂಜೆ ಇವರು ಮೆಲಾಕಾದಿಂದ ಬಂದಾಗ, ದಾರಿಯ ಮಾಮಕ್ ಹೋಟೆಲಿನಿಂದ ಪರೋಟದಂಥ ರೊಟ್ಟಿ ಚನಾಯ್ ತಪಾವ್ ಮಾಡಿಸಿ, ಪೊಟ್ಟಣ ಕಟ್ಟಿಸಿಕೊಂಡು ಬಂದಿದ್ದರು. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿಯೇ ಹೇಳಿದೆ. ಇವರು ಕೇಳಿ ಮುಗಿಸಿ, ಕಾಲುಚೀಲ ಕೈಯಲ್ಲಿ ಹಿಡಿದೇ, "ಬರ್ತೀನಿ ಅನ್ನೋದು ಅವಳಿಗೆ ಗೊತ್ತಿಲ್ವಾ? ನಾವಿಬ್ರೂ ಏನು ಮಾಡ್ತಿದ್ವಿ ಇಷ್ಟು ವರ್ಷ?" ಎಂದರು. ಮರುದಿನ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು, ಅವರಿಬ್ಬರಿಲ್ಲದ ಖಾಲಿ ಮನೆಗೆ ಕೇಳುವ ಹಾಗೆ ಜೋರಾಗಿ, "ಬರ್ತೀನಿ," ಎಂದರು. ನಾನು ಒಳಗಿನಿಂದಲೇ ಹೂಂ ಎಂದೆ.

ಅತ್ತೆ ಸಿಕ್ಕ ಆ ರಾತ್ರಿ ನಾವು ತಿಂದದ್ದು ರೊಟ್ಟಿ ಚನಾಯ್, ಮಧ್ಯಾಹ್ನ ಮುಟ್ಟದೆ ಉಳಿದಿದ್ದ ಹುಳಿ. ಒಸಾಕಾದಲ್ಲಿ ಅಜ್ಜಿ ಮೊಮ್ಮಗಳು ಬಿಸಿ ಅನ್ನಕ್ಕೆ ಮೆಂತ್ಯದ ಹಿಟ್ಟು, ಮೊಸರು ಕಲಸಿಕೊಂಡು ಉಂಡರಂತೆ. ಎಲ್ಲರಿಗಿಂತ ಮೊದಲು ಮಲಗಿದವರು ಅತ್ತೆ. ಗೊರಕೆಯನ್ನು ಮಗಳು ಫೋನಿನಲ್ಲಿ ಕೇಳಿಸಿದಳು. ಆಮೇಲೆ ನಾನೂ ಮಲಗಿದೆ.