ಬಸ್ಸಿನ ಮೇಸ್ತ್ರಿ ಕೂರಿಸಿದ ಆರು ದುಂಡು ಕಿಟಕಿ

ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ಲಾರಿಯಿಂದ ಆ ದೋಣಿಯನ್ನು ಇಳಿಸಿದ ದಿನ ಊರಿಗೆ ಊರೇ ಬಂದು ನಿಂತಿತ್ತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮಧುಗಿರಿಯವನು, ಕೆರೆಗಳನ್ನು ನೋಡಿಕೊಳ್ಳುವ ಇಲಾಖೆಯಲ್ಲಿ ಓವರ್‌ಸೀಯರ್ ಆಗಿ ಎರಡು ವರ್ಷವೂ ತುಂಬಿರಲಿಲ್ಲ, ಆದರೆ ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಹಳ ವರ್ಷಗಳ ಮೇಲೆ ಆ ಸಲ ಕೆರೆ ತುಂಬಿತ್ತು. ನೀರಿನ ಆಳ ಅಳೆಯಲು, ತೂಬು ನೋಡಲು ಬೇಕಾಗುತ್ತದೆಂದು ಎಲ್ಲೋ ದೂರದ ಜಲಾಶಯದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಮೋಟಾರು ದೋಣಿಯೊಂದನ್ನು ನಮಗೆ ಸಾಗಹಾಕಿದ್ದರು. ಹಿಂದೆ ಯಾರೋ ಸಿರಿವಂತರು ವಿಹಾರಕ್ಕೆಂದು ಮಾಡಿಸಿದ್ದಂತೆ. ತೇಗದ ಮೈ, ನಡುವೆ ಪುಟ್ಟ ಕೋಣೆ, ಕೋಣೆಯ ಒಂದೊಂದು ಪಕ್ಕಕ್ಕೂ ಮೂರು ದುಂಡು ಕಿಟಕಿ. ಕಿಟಕಿ ಅನ್ನುವುದು ದುಂಡಗೂ ಇರುತ್ತದೆ ಎಂದು ನನಗೆ ಗೊತ್ತಾದದ್ದೇ ಅವತ್ತು.

"ಲೇ, ಬಸ್ಸಿನ ಚಕ್ರ ಕಿತ್ತಾಕಿ ತಂದವ್ರೆ ನೋಡ್ಲಾ!" ಎಂದ ಒಬ್ಬ.

"ಬಸ್ಸಲ್ಲ ಕಣ್ಲಾ, ಮನೆ. ಬಾಗ್ಲೈತೆ, ಕಿಟ್ಕಿ ಐತೆ" ಎಂದ ಇನ್ನೊಬ್ಬ.

ಕಿಟಕಿಗಳ ಗತಿ ನೋಡಬೇಕಿತ್ತು. ಗಾಜು ಹಿಡಿದಿಡುವ ಹಿತ್ತಾಳೆ ಬಳೆಗಳು ಹಸಿರುಗಟ್ಟಿ ತಿಂದುಹೋಗಿದ್ದವು. ಎರಡರಲ್ಲಿ ಗಾಜೇ ಇಲ್ಲ, ಉಳಿದವು ಸೀಳು. ಸುತ್ತಲಿನ ಮರ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಎಂಜಿನಿಯರ್ ಸಾಹೇಬರು ಒಂದೇ ಮಾತು ಹೇಳಿ ಹೋದರು, ಕಿಟಕಿ ಬದಲಾಯಿಸದೆ ಇದನ್ನು ನೀರಿಗೆ ಇಳಿಸಕೂಡದು ಅಂತ. ದೋಣಿ ಕೆಲಸ ಬಲ್ಲವರನ್ನು ನಮ್ಮ ಸೀಮೆಯಲ್ಲಿ ಎಲ್ಲಿಂದ ತರುವುದು? ಸಿರಾದಲ್ಲಿ ಬಸ್ಸುಗಳಿಗೆ ಮರದ ಮೈ ಕಟ್ಟುತ್ತಿದ್ದ ಒಬ್ಬ ಮುಸಲ್ಮಾನ ಮೇಸ್ತ್ರಿ ಇದ್ದರು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಗಡ್ಡ. ಅವರು ಕೂರಿಸಿದ ಕಿಟಕಿ ಪಾವಗಡದ ರಸ್ತೆಯಲ್ಲೂ ಗಡಗಡ ಅನ್ನುವುದಿಲ್ಲ ಎಂದು ಹೆಸರು. ಅವರನ್ನೇ ಕರೆಸಿದೆ.

ಅವರು ದೋಣಿಯನ್ನು ಮೂರು ಸುತ್ತು ಸುತ್ತಿದರು. ಮೈಮೇಲೆ ಅಂಗೈ ಇಟ್ಟು ಸವರಿದರು. ಗುಂಪಿನಿಂದ ಯಾರೋ, "ಸಾಬ್ರೇ, ಬಸ್ಸು ಕಟ್ಟಿದಂಗಲ್ಲ ಇದು, ಮುಳುಗೋದ್ರೆ ಏನ್ಮಾಡ್ತೀರಾ?" ಎಂದು ಕೆಣಕಿದ. ಮೇಸ್ತ್ರಿ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ನಾನು ಕೂರಿಸಿದ ಕಿಟಕಿಯಿಂದ ಒಂದು ತೊಟ್ಟು ನೀರು ಒಳಗೆ ಬಂತು ಅಂದ್ರೆ, ಅಲ್ಲಾನ ಕಸಂ, ಮತ್ತೆ ನಾನು ಉಳಿ ಮುಟ್ಟಾಕಿಲ್ಲ." ಮುದುಕನಿಗೆ ಎಷ್ಟು ಜಂಬ ಅಂದುಕೊಂಡೆ ನಾನು.

ಮಾರನೆಯ ದಿನದಿಂದ ಮೊದಲನೇ ಬಸ್ಸಿಗೆ ಬಂದುಬಿಡುತ್ತಿದ್ದರು. ತುಕ್ಕು ಹಿಡಿದ ತಿರುಪುಗಳಿಗೆ ಸೀಮೆಎಣ್ಣೆ ಬಿಟ್ಟು ಎರಡು ದಿನ ಕಾದರು. ನಾನು ಅವಸರ ಮಾಡಿದರೆ, "ಮುನಿಸಿಕೊಂಡವೆ ಸಾರ್, ರಮಿಸ್ಬೇಕು" ಅನ್ನುತ್ತಿದ್ದರು. ಕೊಳೆತ ಮರ ಕೆತ್ತಿ ಹೊಸ ತೇಗದ ಬಳೆ ಕೂರಿಸಿದರು. ಹಿತ್ತಾಳೆ ಬಳೆಗಳನ್ನು ಪಾತ್ರೆ ಮಾಡುವವರ ಹತ್ತಿರ ಎರಕ ಹೊಯ್ಯಿಸಿ ತಂದರು. ಲಾರಿಯ ಹಳೆ ಟ್ಯೂಬು ಕತ್ತರಿಸಿ ರಬ್ಬರ್ ಪಟ್ಟಿ ಮಾಡಿದರು. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ಅವರು ಗಾಜಿನ ಸಂದಿಗೆ ಮೆತ್ತುವ ಲಪ್ಪ ನಾದುವುದನ್ನು ನೋಡುತ್ತಾ ನಾನು ಎಷ್ಟೋ ಸಲ ಕಚೇರಿಯನ್ನೇ ಮರೆತಿದ್ದೇನೆ.

ಗಾಜು ಕತ್ತರಿಸಿದ ದಿನವನ್ನಂತೂ ಹೇಗೆ ಹೇಳಲಿ! ಜನ್ಮವೆಲ್ಲ ಅವರು ಕತ್ತರಿಸಿದ್ದು ನೇರ ಗಾಜು. ಈಗ ದುಂಡಗೆ ಬೇಕು. ನಡುವೆ ಒಂದು ಬೆರಳು ಒತ್ತಿ, ದಾರ ಹಿಡಿದು, ವಜ್ರದ ಮೊನೆಯನ್ನು ಒಂದೇ ಉಸಿರಿನಲ್ಲಿ ಸುತ್ತ ಎಳೆದರು. ಕೊಯ್ದ ಗೆರೆ ಮೊದಲಾದ ಕಡೆಗೇ ಬಂದು ಸೇರಿತು. ಆಮೇಲೆ ಗಾಜು ತಿರುಗಿಸಿ, ಆ ಮೊನೆಯ ಹಿಡಿಯಿಂದ ಟಕ್ ಟಕ್ ಅಂತ ತಟ್ಟುತ್ತಾ ಹೋದರು. ಗೆರೆ ಗಾಜಿನೊಳಗೆ ಬೆಳ್ಳಗೆ ಇಳಿಯುವುದು ಕಾಣುತ್ತಿತ್ತು. ಸುತ್ತಲಿನ ಚೂರುಗಳು ಕಳಚಿ ಬಿದ್ದು ಅವರ ಅಂಗೈಯಲ್ಲಿ ಒಂದು ತುಂಬು ದುಂಡು ಉಳಿಯಿತು. ನನ್ನ ಕಣ್ಣಲ್ಲಿ ನೀರು ಬಂತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಆರೂ ಕಿಟಕಿ ಕೂತ ಮೇಲೆ ಒಂದು ಮಧ್ಯಾಹ್ನ ಮಳೆ ಬಂತು. ಕಿಟಕಿಗಳನ್ನು ಗಾಳಿಗೆಂದು ತೆರೆದಿಟ್ಟಿದ್ದೆವು. ಎರಚಲು ನೀರು ಒಳಗಿನ ಅಂಚಿನ ಕುಳಿಯಲ್ಲಿ ಬೊಗಸೆಯಷ್ಟು ನಿಂತಿತ್ತು. ನನಗೆ ರೇಗಿಹೋಯಿತು. "ಏನ್ರೀ ಮೇಸ್ತ್ರಿ, ಬರಗೂರಿನ ಬಸ್ಸಿಗೂ ಕಿಟಕಿ ಕೆಳಗೆ ನೀರು ಹೋಗೋ ತೂತು ಇರುತ್ತೆ. ಇಷ್ಟು ಮಾಡಿ ಅದನ್ನೇ ಮರೆತಿರಾ? ಮತ್ತೆ ಮರ ಕೊಳೆಯೋದಿಲ್ವಾ?"

ಮೇಸ್ತ್ರಿ ಗಡ್ಡ ಸವರಿಕೊಂಡರು. "ದೋಣಿಗೆ ಬೇಕಾ ಸಾರ್, ತೂತು?"

"ದೋಣಿ ಮೇಲೆ ಮಳೆ ಬೀಳೋದಿಲ್ವಾ?" ಎಂದು ಜೋರು ಮಾಡಿದೆ. ದೋಣಿಯ ಮೈಮೇಲೆ ನೀರು ಬರುವ ಮಟ್ಟಕ್ಕೆ ಹಿಂದಿನವರು ಬಣ್ಣದ ಗೆರೆ ಎಳೆದಿದ್ದರು. ಗೆರೆಯಿಂದ ಕಿಟಕಿಗೆ ಎರಡು ಗೇಣು ಎತ್ತರ ಇರುವುದನ್ನು ಅಳೆದು ತೋರಿಸಿದೆ. ನಮ್ಮ ಸೀಮೆಯವರಿಗೆ ನೀರು ಅಂದರೆ ಮೇಲಿಂದ ಬರುವುದು, ಕೆಳಗೆ ಹರಿದು ಹೋಗುವುದು. ದೋಣಿ ಓರೆಯಾಗುತ್ತದೆ ಅನ್ನುವುದು ನನ್ನ ಓದಿದ ತಲೆಗೂ ಹೊಳೆಯಲಿಲ್ಲ. ಮೇಸ್ತ್ರಿ ಕೆರೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಬೈರಿಗೆ ತೆಗೆದು, ಅಂಚಿನ ಕುಳಿಯಿಂದ ಹೊರಮೈಗೆ, ಕಿಟಕಿಗೆ ಎರಡರಂತೆ ಹನ್ನೆರಡು ತೂತು ಕೊರೆದರು.

ನೀರಿಗೆ ಇಳಿಸಿದ ದಿನ ಎಂಜಿನಿಯರ್ ಸಾಹೇಬರು, ಅವರ ಜೊತೆಯ ಮೂವರು, ನಾನು, ಮೇಸ್ತ್ರಿ ಹತ್ತಿದೆವು. ಚಾಲಕ ಪಾವಗಡದ ಕಡೆಯವನು, ಅಲ್ಲಿಯವರೆಗೆ ಬಸ್ಸು ಓಡಿಸುತ್ತಿದ್ದವನು. ದೋಣಿ ದಡ ಬಿಟ್ಟು ಹಗುರಾಗಿ ಸಾಗಿದಾಗ ಮೈ ಜುಮ್ಮೆಂದಿತು. ನೆಲ ಇಲ್ಲದ ಕಡೆ ನಾವು ಹೋಗುತ್ತಿದ್ದೆವು! ಮೇಸ್ತ್ರಿ ಕೋಣೆಯಲ್ಲಿ ಮಂಡಿಯೂರಿ ಕೂತು ಒಂದೊಂದು ಕಿಟಕಿಯ ಅಂಚನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಎಲ್ಲ ಒಣಗೇ ಇತ್ತು.

ಕೆರೆಯ ನಡುವೆ ಚಾಲಕ ಬಸ್ಸು ತಿರುಗಿಸಿದ ಹಾಗೆ ಒಮ್ಮೆಗೇ ತಿರುಗಿಸಿದ. ಅದೇ ಹೊತ್ತಿಗೆ ಏರಿಯ ಮೇಲಿನ ಜನ ಕೂಗಿದರೆಂದು ಸಾಹೇಬರ ಕಡೆಯವರು ನೋಡಲು ಒಂದೇ ಪಕ್ಕಕ್ಕೆ ಬಂದರು. ದೋಣಿ ವಾಲಿತು. "ಅಯ್ಯೋ ದೇವುಡಾ!" ಎಂದು ಚಾಲಕ ಅರಚಿದ. ಆ ಪಕ್ಕದ ಮೂರೂ ಕಿಟಕಿಗಳ ಗಾಜಿನ ಮೇಲೆ ಕೆರೆ ಹಸಿರಾಗಿ ಏರಿತು. ಕೆಳಗಿನ ಆರು ತೂತಿನಿಂದ, ಹಸು ಕರೆದ ಹಾಗೆ, ಆರು ಧಾರೆ ಒಳಕ್ಕೆ ಚಿಮ್ಮಿದವು.

ಮೇಸ್ತ್ರಿ ಅಲ್ಲಾಡಲಿಲ್ಲ. ಸಿಕ್ಕಷ್ಟು ತೂತುಗಳಿಗೆ ಬೆರಳಿಟ್ಟು, ಮುಖವನ್ನು ಗಾಜಿನ ಹತ್ತಿರಕ್ಕೆ ತಂದು, "ಬನ್ನಿ ಸಾರ್, ನೋಡಿ ಇಲ್ಲಿ" ಎಂದು ಕರೆದರು. ಹೋಗಿ ನೋಡಿದೆ. ಗಾಜಿನಾಚೆ ಕೆರೆ ನನ್ನ ಕಣ್ಣಿನ ಮಟ್ಟಕ್ಕೆ ನಿಂತಿತ್ತು. ಬಿಸಿಲು ಒಳಗೆಲ್ಲ ಇಳಿದು, ಒಂದು ಚಿಕ್ಕ ಮೀನು ಗಾಜಿಗೆ ಮೂತಿ ತಾಗಿಸಿ ಹೋಯಿತು. ರಬ್ಬರು, ಲಪ್ಪ, ಬಳೆ, ಯಾವುದರಿಂದಲೂ ಹನಿ ಇಲ್ಲ. "ಗಾಜು ಹಿಡ್ಕಂಡದೆ" ಎಂದರು ಮೇಸ್ತ್ರಿ. ಅವರ ಮೊಣಕೈಯಿಂದ ನೀರು ಸುರಿಯುತ್ತಿತ್ತು.

ಎಲ್ಲರೂ ನಡುವಿಗೆ ಸರಿದ ಮೇಲೆ ದೋಣಿ ನೆಟ್ಟಗಾಯಿತು. ದಡಕ್ಕೆ ಬಂದ ಕೂಡಲೇ ನಾನು ಸಾಹೇಬರಿಗೆ ಹೇಳಿಬಿಟ್ಟೆ: "ತೂತು ಕೊರೆಸಿದ್ದು ನಾನು ಸಾರ್. ಮೇಸ್ತ್ರಿದು ಏನೂ ತಪ್ಪಿಲ್ಲ." ಸಾಹೇಬರು ನನ್ನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿ, ಆಮೇಲೆ ನಕ್ಕರು. "ತೂತು ಮುಚ್ಚಿಸಿ. ಮಿಕ್ಕಿದ್ದು ಬಹಳ ಚೆನ್ನಾಗಿದೆ" ಎಂದು ಜೀಪು ಹತ್ತಿದರು.

"ಮುಚ್ಚಾಕೆ ಬೆಣೆ ಮಾಡಿದ್ರೆ ಸಾಕು" ಎಂದರು ಮೇಸ್ತ್ರಿ. "ಆದ್ರೆ ನಾನು ಉಳಿ ಮುಟ್ಟಾಕಿಲ್ಲ ಸಾರ್. ಮಾತಾಡ್ಬುಟ್ಟಿದೀನಿ."

"ತಪ್ಪು ನಂದು ಮೇಸ್ತ್ರಿ! ನಾನೇ ಹೇಳಿದ್ದು!"

"ಹೇಳಿದ್ದು ನೀವು, ಕೊರೆದಿದ್ದು ನಾನು. ನಲವತ್ತು ವರ್ಷದ ಕೈ ಇದು. ಬ್ಯಾಡ ಅಂತ ಇದಕ್ಕೆ ತಿಳೀಬೇಕಾಗಿತ್ತು."

ಬೇಡಿಕೊಂಡೆ, ರೇಗಿದೆ, ಕೊನೆಗೆ ಅವರ ಕೈ ಹಿಡಿದುಕೊಂಡೆ. ಅವರು ನಕ್ಕರೇ ಹೊರತು ಜಗ್ಗಲಿಲ್ಲ. ಆದರೂ ಮಾರನೆಯ ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಂದರು. ಹತ್ಯಾರದ ಕೈಚೀಲವನ್ನು ನನ್ನ ಮುಂದಿಟ್ಟು, ಅದರ ಬಾಯಿ ಬಿಚ್ಚಿ ಹಿಡಿದು, ಮರದ ಕೊಡತಿ ತೆಗೆದುಕೊಳ್ಳಿ ಎಂದು ಕಣ್ಣಲ್ಲೇ ತೋರಿಸಿದರು. ಗೋಡೆಗೆ ಒಂದು ಮೊಳೆ ಹೊಡೆದು ಗೊತ್ತಿಲ್ಲದ ನಾನು, ಅವರು ಹೇಳಿದ ಹಾಗೆ ತೇಗದ ಬೆಣೆ ಹೆರೆದೆ, ಲಪ್ಪ ಸವರಿದೆ, ಒಂದೊಂದೇ ತೂತಿಗೆ ಇಟ್ಟು ಹೊಡೆಯುತ್ತಾ ಹೋದೆ. ಅವರು ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, "ಮೆತ್ತಗೆ... ಈಗ ಬಿಗಿ... ಹಾಂ, ಸಾಕು" ಅನ್ನುತ್ತಿದ್ದರು.

ಒಂಬತ್ತನೆಯದು ಓರೆಯಾಯಿತು. ಅವರ ಬಲಗೈ ತಾನಾಗಿಯೇ ಕೊಡತಿಯ ಕಡೆಗೆ ಬಂದು ಅರ್ಧದಲ್ಲಿ ನಿಂತಿತು. ಅವರು ಅದನ್ನು ಎಡಗೈಯಲ್ಲಿ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡರು.

"ಕಿತ್ತು ಮತ್ತೆ ಹೊಡೀರಿ ಸಾರ್" ಎಂದರು.