ಸೊಪ್ಪಿನಡಿಯ ಗಾಜಿನ ಜೇಡ

ಎಲೆಗೆ ಎರಡು ಮಗ್ಗುಲುಂಟೆಂಬುದು ಎಲ್ಲರಿಗೂ ಗೊತ್ತು; ಆದರೂ ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುವವರನ್ನು ಬಿಟ್ಟರೆ, ಅದರ ಕೆಳಮಗ್ಗುಲನ್ನು ಗಮನಿಸುವವರು ಅಪರೂಪ. ಮೂವತ್ತು ವರ್ಷ ಚನ್ನಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಬೋಧಿಸಿದ ನಾನೂ ಆ ಬಹುಮತಕ್ಕೇ ಸೇರಿದವಳು. ಕರಿಹಲಗೆಯ ಮೇಲೆ ಜೇಡಕ್ಕೆ ಎಂಟು ಕಾಲು, ಎಂಟು ಕಣ್ಣು ತಪ್ಪದೆ ಬರೆದು ಭಾಗಗಳನ್ನು ಗುರುತಿಸುತ್ತಿದ್ದವಳು, ಬಚ್ಚಲಲ್ಲಿ ಸಾಕ್ಷಾತ್ ಜೇಡವೇ ಎದುರಾದರೆ ಸ್ನಾನವನ್ನು ಸಂಜೆಗೆ ಮುಂದೂಡುತ್ತಿದ್ದೆ. ನನ್ನ ವಿದ್ವತ್ತೆಲ್ಲ ಸೀಮೆಸುಣ್ಣದಷ್ಟೇ ಗಟ್ಟಿ ಎಂಬುದು ಮಾತ್ರ ನಿವೃತ್ತಿಯ ಮೇಲೆ ತಿಳಿಯಿತು.

ಅಕ್ಕೂರಿನ ಅಣ್ಣನ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಹಿಪ್ಪುನೇರಳೆ ತೋಟ ಅಣ್ಣನದು, ಹುಳುಮನೆಯ ಯಜಮಾನಿಕೆ ಜಯಮ್ಮತ್ತಿಗೆಯದು. ಕಳೆದ ವರ್ಷ ನಾನು ಹೋದಾಗ ಹುಳುಗಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಹುಳು ತಿನ್ನುವುದನ್ನು ಬಿಟ್ಟು, ಪೊರೆ ಕಳಚಲು ತಲೆಯೆತ್ತಿ ನಿಶ್ಚಲವಾಗಿರುವ ಅವಸ್ಥೆಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ದಾಟಿದ ಮೇಲೆ ಒಂದು ವಾರ ಅವಕ್ಕೆ ಹೊಟ್ಟೆಯ ಹೊರತು ಬೇರೆ ಅಂಗವೇ ಇಲ್ಲ. ಹುಳುಮನೆಯಲ್ಲಿ ನಿಂತರೆ ಸೊಪ್ಪು ಮೇಯುವ ಸದ್ದು ತುಂತುರು ಮಳೆಯ ಹಾಗೆ ಕೇಳುತ್ತದೆ.

ಎರಡನೆಯ ಬೆಳಿಗ್ಗೆ, ಅತ್ತಿಗೆಯ ಜೊತೆ ಸೊಪ್ಪು ಕೊಯ್ಯಲು ಮೇಲಿನ ತೋಟಕ್ಕೆ ಹೋದವಳು ಅಕಸ್ಮಾತ್ತಾಗಿ ಒಂದು ಎಲೆ ಮಗುಚಿದೆ. ನಡುನರದ ಪಕ್ಕ ತೆಳುವಾದ ಬಿಳಿ ನೂಲಿನ ಹೊದಿಕೆ. ಅದರೊಳಗೆ ಸಾಲಾಗಿ ಇಟ್ಟ ಮೊಟ್ಟೆಗಳು. ಪಕ್ಕದ ಗಿಡದಲ್ಲೂ ಅದೇ, ಅದರಾಚೆಯದರಲ್ಲೂ ಅದೇ. ನನ್ನೊಳಗಿನ ಮೇಷ್ಟ್ರಮ್ಮ ತಕ್ಷಣ ಎದ್ದು ನಿಂತಳು.

"ಇದು ಕೀಟದ ಮೊಟ್ಟೆ ಅತ್ತಿಗೆ. ಒಡೆದರೆ ತೋಟವೇ ಉಳಿಯಲ್ಲ," ಎಂದೆ, ಪರೀಕ್ಷೆಗೆ ಬರುವ ಪ್ರಶ್ನೆ ಹೇಳುವ ಧಾಟಿಯಲ್ಲಿ.

ಅತ್ತಿಗೆಯ ಮುಖ ಸಣ್ಣದಾಯಿತು. "ಔಸ್ದಿ ಹೊಡುದ್ರೆ ಈ ಸೊಪ್ಪು ಹುಳಕ್ಕೆ ಹಾಕಂಗಿಲ್ಲ ಕಣವ್ವ. ಹಾಕುದ್ರೆ ಒಂದೂ ಉಳಿಯಾಕಿಲ್ಲ. ಕೆಳಗ್ಲು ತೋಟದ ಸೊಪ್ಪು ಮೂರು ದಿನಕ್ಕೂ ಸಾಲ್ದು."

ಬೇರೆಯವರ ತೋಟದಲ್ಲಿ ಸೊಪ್ಪು ಕೇಳಿ ನೋಡೋಣವೆಂದು ಅವರು ಅಲ್ಲಿಂದಲೇ ಹೊರಟರು. ನಾನು ಮನೆಗೆ ಬಂದು ಹೇಳಿದ್ದೇ ತಡ, ಅಣ್ಣ ಔಷಧಿ ಹೊಡೆಯುವ ಕ್ಯಾನು ತೊಳೆಯಲು ಕೂತ. ನಾನು ಹೇಳಿದ್ದರಲ್ಲಿ ಇಬ್ಬರಿಗೂ ಒಂದಿಷ್ಟೂ ಸಂಶಯ ಬಂದಂತೆ ಕಾಣಲಿಲ್ಲ. ನನಗಂತೂ ಬರುವ ಪ್ರಶ್ನೆಯೇ ಇರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ, ಬೆಳಿಗ್ಗೆ ಕಿತ್ತು ತಂದಿದ್ದ ಒಂದೆಲೆಯನ್ನು ಜಗುಲಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಕೀಟದ ಹೆಸರನ್ನೂ ಹೇಳಿಬಿಟ್ಟರೆ ನನ್ನ ಪಾಂಡಿತ್ಯಕ್ಕೆ ಕಲಶವಿಟ್ಟಂತಾಗುತ್ತದೆಂಬ ಆಸೆ. ಮೊಟ್ಟೆಯ ಸಾಲಿನ ಮೇಲೆ ಏನೋ ಅಲುಗಿತು. ಅಕ್ಕಿಕಾಳಿಗಿಂತ ಹೆಚ್ಚಿಲ್ಲದ, ತಿಳಿಹಸುರು ಗಾಜಿನಲ್ಲಿ ಊದಿ ಮಾಡಿದಂಥ ಒಂದು ಜೇಡ. ಅದರ ತಲೆಯೂ ಪಾರದರ್ಶಕ. ಒಳಗೆ ಕಣ್ಣಿನ ಕಪ್ಪು ಕೊಳವೆಗಳೆರಡು ಅತ್ತಿತ್ತ ಸರಿಯುತ್ತಿದ್ದವು. ಜೇಡ ಎತ್ತ ನೋಡುತ್ತಿದೆಯೆಂಬುದು ಹೊರಗಿನಿಂದಲೇ ಕಾಣುತ್ತಿತ್ತು. ಒಮ್ಮೆ ಅವು ನೇರವಾಗಿ ನನ್ನತ್ತ ತಿರುಗಿದವು.

ಎಲೆ ಕೈಬಿಡಬೇಕಿತ್ತು. ಬಿಡಲಿಲ್ಲ. ಪೊರಕೆಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ಓಡುತ್ತದೆಂದುಕೊಂಡರೆ ಅದು ಕಾಲುಗಳನ್ನು ಇನ್ನಷ್ಟು ಅಗಲಿಸಿ ಮೊಟ್ಟೆಗಳ ಮೇಲೆ ಕವಿದು ಕೂತಿತು. ಎಲೆಗಳ ಅಡಿಯಲ್ಲೇ ಬಾಳುವೆ ಮಾಡುವ, ಬಲೆ ಹೆಣೆದು ಕಾಯದೆ ಹಾರಿ ಬೇಟೆಯಾಡುವ ಅಸೆಮೋನಿಯ ಎಂಬ ಜೇಡಗಳ ಕುಲವೊಂದಿದೆ ಎಂದು ಎಂದೋ ಓದಿದ್ದು ಆಗ ನೆನಪಾಯಿತು. ಸೊಪ್ಪು ತಿನ್ನುವ ಹುಳುವಿನ ಮೊಟ್ಟೆಯಲ್ಲ ಇದು. ಸೊಪ್ಪಿನ ಮೇಲಿನ ನುಸಿ, ನೊಣಗಳನ್ನು ತಿನ್ನುವವಳ ಸಂಸಾರ. ಅಷ್ಟರಲ್ಲಿ ಅಣ್ಣ ತೊಳೆದು ಕಟ್ಟೆಯ ಮೇಲಿಟ್ಟಿದ್ದ ಕ್ಯಾನು ಅಲ್ಲಿಲ್ಲದ್ದು ಕಣ್ಣಿಗೆ ಬಿತ್ತು.

ನಾನು ಕೊನೆಯ ಸಲ ಓಡಿದ್ದು ಯಾವಾಗಲೋ ನೆನಪಿಲ್ಲ. ಸೀರೆಯ ನೆರಿಗೆ ಎತ್ತಿಕೊಂಡು, ಒಂದು ಚಪ್ಪಲಿಯನ್ನು ಕಾಲುವೆಯ ಕೆಸರಿಗೆ ದಾನಮಾಡಿ, ಮೇಲಿನ ತೋಟ ಮುಟ್ಟುವ ಹೊತ್ತಿಗೆ ಅಣ್ಣ ಎರಡು ಸಾಲು ಹೊಡೆದು ಮೂರನೆಯದಕ್ಕೆ ತಿರುಗಿದ್ದ.

"ಅಣ್ಣ, ನಿಲ್ಸು. ನಾನು ಹೇಳಿದ್ದು ತಪ್ಪು."

ಅವನು ಮೂಗಿಗೆ ಕಟ್ಟಿದ್ದ ಟವಲು ಕೆಳಗಿಳಿಸಿದ. "ಯಾವ್ದವ್ವ ನಿಜ? ಬೆಳಿಗ್ಗೆ ಯೋಳಿದ್ದೋ, ಈಗ ಯೋಳೋದೋ?"

"ಈಗ ಹೇಳೋದು."

"ಸಾಯಂಕಾಲ್ಕೆ ಇನ್ನೊಂದ್ ಇಲ್ಲ ತಾನೆ?"

ಇಲ್ಲವೆಂದೆ. ಅವನು ಕ್ಯಾನು ಇಳಿಸಿದ. ಹೊಡೆದ ಎರಡು ಸಾಲಿನ ಸೊಪ್ಪು ಯಾರೂ ಮರೆತು ಕೊಯ್ಯಬಾರದೆಂದು ಸುತ್ತ ಹಳೆಯ ಕೆಂಪು ಸೀರೆಯ ಪಟ್ಟಿ ಕಟ್ಟಿದೆವು. ಸೊಪ್ಪು ಸಿಗದೆ ಬರಿಗೈಲಿ ಬಂದ ಅತ್ತಿಗೆಗೆ ನಾನೇ ಎಲ್ಲ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಭೂತಗನ್ನಡಿ ಇಸಕೊಂಡು ಬಹಳ ಹೊತ್ತು ಎಲೆ ನೋಡಿದರು.

"ಇದುನ್ನ ನಾನು ದಿನಾ ನೋಡಿವ್ನಿ ಕಣವ್ವ," ಎಂದರು. "ಏನೂ ಮಾಡಾಕಿಲ್ಲ ಅಂತ ಗೊತ್ತಿತ್ತು. ಓದ್ದೋಳು ನೀನು ಯೋಳ್ತಿದ್ದೀಯಲ್ಲ ಅಂತ ಸುಮ್ಕಾದೆ."

ಆ ಮಾತು ನನಗೆ ತಗುಲಿದಷ್ಟು ಯಾವ ಬೈಗುಳವೂ ತಗುಲುತ್ತಿರಲಿಲ್ಲ. ಕಿತ್ತ ಎಲೆಯನ್ನು ತೋಟಕ್ಕೆ ಒಯ್ದು, ಬಟ್ಟೆಯ ಕ್ಲಿಪ್ಪಿನಿಂದ ಹಸಿ ಎಲೆಯೊಂದಕ್ಕೆ ಸೇರಿಸಿ ಬಂದೆ. ಮೊಟ್ಟೆಯಿದ್ದ ಎಲೆಗಳನ್ನು ಬಿಟ್ಟು ಮಿಕ್ಕ ಸೊಪ್ಪನ್ನು ವಾರವಿಡೀ ಮೂವರೂ ಕೊಯ್ದೆವು. ಕೊನೆಯ ದಿನ ಒಸಿ ಎಳೆದಾಡಿದರೂ ಸೊಪ್ಪು ಸಾಲಿತು. ಹುಳುಗಳು ಹಣ್ಣಾಗಿ, ಹೊನ್ನಿನ ಬಣ್ಣ ತಿರುಗಿ, ಚಂದ್ರಿಕೆಯೆಂಬ ಬಿದಿರು ತಟ್ಟೆಯ ಸುತ್ತುಗಳಲ್ಲಿ ಗೂಡು ಕಟ್ಟಿದವು. ಕ್ಲಿಪ್ಪು ಹಾಕಿದ್ದ ಎಲೆ ಒಣಗಿ ಮುದುರಿದರೂ ಗಾಜಿನ ತಾಯಿ ಅದನ್ನು ಬಿಟ್ಟಿರಲಿಲ್ಲ. ನಾನು ಊರಿಗೆ ಹೊರಡುವ ಬೆಳಿಗ್ಗೆ ಅವಳ ಸುತ್ತ ಧೂಳಿನ ಕಣದಂಥ ಮರಿಗಳು ಹರಿದಾಡುತ್ತಿದ್ದವು. ಬೆರಳ ಮೇಲೆ ಒಂದು ಹತ್ತಿತು. ಹೆದರಲು ಮರೆತೆ.

ಮೊನ್ನೆ ಅತ್ತಿಗೆ ಫೋನು ಮಾಡಿದರು. "ಕಾಂಡದ್ ಮ್ಯಾಲೆ ಹೊಸ್ದೇನೋ ಅಂಟ್ಕೊಂಡೈತೆ, ಬಂದು ನೋಡವ್ವ. ನೀನು ಬರಗಂಟ ಕ್ಯಾನು ಮುಟ್ಬ್ಯಾಡಿ ಅಂತ ನಿಮ್ಮಣ್ಣಂಗೆ ಯೋಳಿವ್ನಿ."

ಹೋದೆ. ಕಣ್ಣಿಗೆ ಭೂತಗನ್ನಡಿ ಹಿಡಿದು ಹತ್ತು ನಿಮಿಷ ನೋಡಿದೆ. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದರು.

"ಗೊತ್ತಿಲ್ಲ ಅತ್ತಿಗೆ," ಎಂದೆ. "ನಿಮಗೇನನ್ಸುತ್ತೆ?"

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು.