ಗಂಟೋ, ಕೊಂಡಿಯೋ

ನನ್ನ ಸೊಸೆಯ ಕೊನೆಯ ತಿಂಗಳುಗಳನ್ನು ತಿಂದದ್ದು ರೋಗವೊಂದೇ ಅಲ್ಲ, ನನ್ನ ಹಟವೂ ತಿಂದಿತು. ಕಂಪ್ಯೂಟರಿನ ಮುಂದೆ ಕೂರುವ ಮೊದಲು ಅವಳು ಹಸಿರು ಬಳೆಗಳನ್ನು ಮೊಳಕೈವರೆಗೆ ಏರಿಸಿಕೊಳ್ಳುತ್ತಿದ್ದಳು, ನಾವು ಮಗ್ಗದ ಮುಂದೆ ಏರಿಸುವ ಹಾಗೆ. ಕೊನೆಕೊನೆಗೆ ಏರಿಸಿದ ಬಳೆ ನಿಲ್ಲದೆ ಮಣಿಕಟ್ಟಿಗೆ ಜಾರುತ್ತಿದ್ದವು.

ರಬಕವಿಯ ನಮ್ಮ ನೇಕಾರರ ಸಂಘದ ಸೀರೆಗಳ ವಿವರವನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಹಿಡಿದಿದ್ದಳು. ನನ್ನದು ಎರಡನೇ ಇಯತ್ತೆಯ ಓದು. ಆದರೂ ನನ್ನನ್ನು ಕೇಳಿದಳು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಸೇರಿಸಿ ಕೊಂಡಿ ಹಾಕುವುದರಲ್ಲೇ ನನ್ನ ಬೆರಳು ಸವೆದಿವೆ.

"ಎರಡು ದಾರಿ ಅದಾವ್ರಿ ಅತ್ತಿ. ಸೀರಿಗೊಂದು ಗಂಟು ಕಟ್ಟಿ ದಡಿ, ಬಣ್ಣ, ನೇದವ್ರು, ಕೊಂಡಿ ಹಾಕಿದವ್ರು ಎಲ್ಲಾ ಅದರಾಗ ಇಡೂದು. ಇದು ಡಾಕ್ಯುಮೆಂಟ್. ಇಲ್ಲಾ, ಸೀರಿದು ಬ್ಯಾರೆ ಪಟ್ಟಿ, ಮಂದಿದು ಬ್ಯಾರೆ ಪಟ್ಟಿ, ನಡುವ ಕೊಂಡಿ. ಇದು ರಿಲೇಶನಲ್."

"ಗಂಟೇ ಛಲೋ. ಕೊಂಡಿ ಅಂದ್ರ ಹರಿಯೋ ಜಾಗಾ."

"ಗಂಟಿನ್ಯಾಗ ಹೆಸರು ಮುಳುಗತಾವ್ರಿ. ನೀವು ಎಷ್ಟು ಸೀರಿಗೆ ಕೊಂಡಿ ಹಾಕೀರಿ ಅಂತ ಕೇಳಿದ್ರ ಎಲ್ಲಾ ಗಂಟು ಬಿಚ್ಚಬೇಕು."

"ನನ್ನ ಯಾರು ಕೇಳ್ತಾರ?"

"ನಾ ಕೇಳ್ತೀನ್ರಿ."

ಜಗಳ ಬೇಡವೆಂದು ನನ್ನ ಮಾತಿನಂತೆಯೇ ಮಾಡಿದಳು. ವರ್ಷವಾದ ಮೇಲೆ ಸಂಘದವರು ಕೊಂಡಿ ಹಾಕುವ ಹೆಂಗಸರಿಗೆ ಗುರುತಿನ ಚೀಟಿ ಕೊಡುತ್ತೇವೆ, ಪಟ್ಟಿ ಕೊಡು ಎಂದರು. ಅವಳು ಒಂದೊಂದೇ ಗಂಟು ಬಿಚ್ಚಿದಳು. ವಿವರ ಬರೆಸಿದವರು ಗಂಡಸರು. ಅವರು ಹೆಂಡತಿಯ ಹೆಸರು ಹೇಳುವುದುಂಟೇ? ಎಲ್ಲದರಲ್ಲೂ ಒಂದೇ ಮಾತು: ಮನ್ಯಾಗಿನವರು. ಗಂಟು ಹಾಕಿದ್ದನ್ನೆಲ್ಲ ನುಂಗಿತ್ತು, ಹೆಸರು ಕೇಳಿರಲಿಲ್ಲ.

"ಊರಿಗೆಲ್ಲಾ ಒಬ್ಬಾಕಿನ ಕೊಂಡಿ ಹಾಕ್ಯಾಳ ನೋಡ್ರಿ," ಎಂದು ಕೆಮ್ಮು ಬರುವವರೆಗೆ ನಕ್ಕಳು. ನನಗೆ ನಗು ಬರಲಿಲ್ಲ.

ಡಾಕ್ಟರು ಕೈಬಿಟ್ಟ ಹೊತ್ತಿಗೆ ಅವಳು ಎಲ್ಲವನ್ನೂ ಮೊದಲಿನಿಂದ ಶುರುಮಾಡಿದ್ದಳು, ಈ ಸಲ ಬೇರೆ ಬೇರೆ ಪಟ್ಟಿ ಮಾಡಿ. "ಹೆಸರಿಲ್ಲದವರನ್ನ ಈ ಪಟ್ಟಿ ಒಳಗ ಬಿಡೂದಿಲ್ರಿ." ಮನೆಮನೆಗೆ ಹೋಗಿ ಹೆಸರು ತರಬೇಕಿತ್ತು. ಅವಳಿಗೆ ಹೊಸ್ತಿಲು ದಾಟುವ ತ್ರಾಣವಿರಲಿಲ್ಲ.

"ಆರಾಮ ಆಗು, ಇಬ್ಬರೂ ಕೂಡಿ ಹೋಗೂಣು," ಎಂದೆ. ಆರಾಮ ಆಗುವುದಿಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನೊಬ್ಬಳೇ ಹೋಗಬಹುದಿತ್ತು, ಹೋಗಲಿಲ್ಲ. ಹೋದರೆ ನನ್ನ ತಪ್ಪು ಓಣಿಗೆಲ್ಲ ತಿಳಿಯುತ್ತಿತ್ತು. ಅವಳು ಮಾತ್ರ ಒಂದು ದಿನವೂ ಎತ್ತಿ ಆಡಲಿಲ್ಲ.

ಮದುವೆಯಾದ ಹೊಸತರಲ್ಲಿ ಅವಳು ಒಂದೇ ಒಂದು ಸೀರೆಗೆ ಕೊಂಡಿ ಹಾಕಿದ್ದಳು. "ಸಡಿಲ ಐತಿ" ಎಂದು ನಾನು ಮೂಲೆಗೆ ಒಗೆದಿದ್ದೆ. ಕೊನೆಗೆ ಅದನ್ನೇ ಅವಳಿಗೆ ಉಡಿಸಿದೆವು. ಉಡಿಸುವಾಗ ಕೊಂಡಿಯ ಜಾಗವನ್ನು ಹಿಡಿದು ಜಗ್ಗಿದೆ. ಒಂದೆಳೆಯೂ ಮಿಸುಕಲಿಲ್ಲ.

ಸೂತಕದವರು ಪರರ ಹೊಸ್ತಿಲು ತುಳಿಯಬಾರದು. ಮರುದಿನ ಬೆಳಿಗ್ಗೆ, ಹೆಸರು ಬರೆಯಲೆಂದು ಸೊಸೆ ತೆಗೆದಿಟ್ಟಿದ್ದ ನೋಟುಬುಕ್ಕು ಹಿಡಿದು ಹೋಗಿ ಪಕ್ಕದ ಮನೆಯ ಬಾಗಿಲ ಹೊರಗೇ ನಿಂತೆ.

"ನಿನ್ನ ಹೆಸರೇನ ಬೇ?"

ಮೂವತ್ತು ವರ್ಷದಿಂದ ನೆರೆಯಲ್ಲಿರುವ ಅವಳು ನನಗೆ ಬುದ್ಧಿ ಕೆಟ್ಟಿತೆಂದುಕೊಂಡಳು. "ನಿಮಗ ಗೊತ್ತಿಲ್ಲೇನ್ರಿ ಆಯಿ?"

"ಗೊತ್ತೈತಿ. ನಿನ್ನ ಬಾಯಿಲೆ ಹೇಳು, ಬರಕೊಳ್ತೀನಿ."

ಅವಳದನ್ನು ಎರಡನೆಯ ಸಾಲಿನಲ್ಲಿ ಬರೆದೆ. ಮೊದಲ ಸಾಲಿನಲ್ಲಿ ಸೊಸೆಯ ಹೆಸರನ್ನು ಮನೆಯಲ್ಲೇ ಬರೆದುಕೊಂಡು ಬಂದಿದ್ದೆ, ಅದರ ಮುಂದೆ ಒಂದು ಸೀರೆ ಎಂದು.